ಹರಾಜಿನ ರಾತ್ರಿಯ ಭವಿಷ್ಯಕ್ಕೆ ಲೆಕ್ಕ ಇಡುವವರು ಯಾರು?

2022ರ ಅಕ್ಟೋಬರ್ 8ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ತಮಿಳ್ ತಲೈವಾಸ್ ಮತ್ತು ಗುಜರಾತ್ ಜೈಂಟ್ಸ್ ನಡುವೆ ಪ್ರೊ ಕಬಡ್ಡಿ ಪಂದ್ಯ. ತಲೈವಾಸ್ ನಾಯಕ ಪವನ್ ಸೆಹ್ರಾವತ್ ಎದುರಾಳಿ ರೈಡರ್‌ನನ್ನು ಹಿಡಿಯಲು ಹೋದವರು ಮೊಣಕಾಲು ಹಿಡಿದುಕೊಂಡು ಮ್ಯಾಟ್ ಮೇಲೆ ಬಿದ್ದರು. ಸ್ಟ್ರೆಚರ್ ಬಂತು. ಆ ಸೀಸನ್‌ನಲ್ಲಿ ಅವರು ಮತ್ತೆ ಅಂಕಣಕ್ಕೆ ಇಳಿಯಲೇ ಇಲ್ಲ. ಎರಡು ತಿಂಗಳ ಹಿಂದಷ್ಟೇ ಮುಂಬೈಯ ಹರಾಜಿನಲ್ಲಿ ಅವರಿಗೆ ಬಿದ್ದ ಬೆಲೆ 2.26 ಕೋಟಿ ರೂಪಾಯಿ. ಲೀಗ್‌ನ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾರಿಗೂ ಬೀಳದ ಮೊತ್ತ ಅದು. ಒಂದು ತಂಡಕ್ಕೆ ಇದ್ದ ಒಟ್ಟು ಹಣವೇ 4.4 ಕೋಟಿ. ಅರ್ಧಕ್ಕಿಂತ ಹೆಚ್ಚು ದುಡ್ಡು ಒಬ್ಬನ ಮೇಲೆ ಸುರಿದ ತಂಡಕ್ಕೆ ಮೊದಲ ಪಂದ್ಯದಲ್ಲೇ ಆ ಒಬ್ಬ ಇಲ್ಲವಾದ.

ಆಮೇಲೆ ಆದದ್ದನ್ನು ಕಬಡ್ಡಿ ಬಲ್ಲ ಯಾರೂ ಹರಾಜಿನ ದಿನ ಹೇಳಿರಲಿಲ್ಲ. ಪವನ್ ಇಲ್ಲದ ತಲೈವಾಸ್ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ದಾಳಿಯ ಭಾರ ಹೊತ್ತದ್ದು ಅದೇ ಮೊದಲ ಸೀಸನ್ ಆಡುತ್ತಿದ್ದ ನರೇಂದರ್ ಎಂಬ ಹುಡುಗ. ಅವನು ಗಳಿಸಿದ್ದು 243 ರೈಡ್ ಅಂಕ. ಹರಾಜಿನ ರಾತ್ರಿ ಸ್ಟುಡಿಯೋದ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮಿನುಗಿದ ಹೆಸರುಗಳ ಸಾಲಿನಲ್ಲಿ ಅವನ ಹೆಸರು ಇರಲಿಲ್ಲ.

ಸುಳ್ಯ ಪೇಟೆಯಿಂದ ದಕ್ಷಿಣಕ್ಕೆ, ಕೇರಳದ ಗಡಿಗೆ ತಾಗಿಕೊಂಡಿರುವ ಆಲೆಟ್ಟಿಯ ಓದುಗರಿಗೆ ಈ ವಿಷಯ ದೂರದ್ದಲ್ಲ. ಅರೆಭಾಷೆ, ತುಳು, ಕನ್ನಡ, ಮಲಯಾಳ ನಾಲ್ಕೂ ಕಿವಿಗೆ ಬೀಳುವ ಈ ಕಡೆಯ ಊರುಗಳಲ್ಲಿ ಕಬಡ್ಡಿ ಹೊಸದಾಗಿ ಟಿವಿಯಿಂದ ಬಂದ ಆಟ ಅಲ್ಲ. ಶಾಲಾ ಮೈದಾನದಲ್ಲೋ ಕೊಯ್ಲು ಮುಗಿದ ಗದ್ದೆಯಲ್ಲೋ ಮಣ್ಣು ಹದ ಮಾಡಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು, ಹೊನಲು ಬೆಳಕಿನಲ್ಲಿ ಬೆಳಗಿನ ಜಾವದವರೆಗೆ ಪಂದ್ಯಾಟ ನಡೆಸುವ ರೂಢಿ ಪುತ್ತೂರು, ಸುಳ್ಯ, ಕಡಬದ ಯುವಕ ಮಂಡಲಗಳಿಗೆ ಟಿವಿ ಬರುವ ಮುಂಚಿನಿಂದಲೂ ಇದೆ. ಆದರೆ 2014ರ ಜುಲೈಯಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಒಂದು ಹೊಸ ಮಾತುಗಾರಿಕೆ ಈ ಊರುಗಳಿಗೂ ಇಳಿಯಿತು. ಯಾವ ಆಟಗಾರನ ‘ಬೆಲೆ’ ಎಷ್ಟು, ಯಾವ ತಂಡ ‘ಒಳ್ಳೆಯ ವ್ಯಾಪಾರ’ ಮಾಡಿತು, ಯಾವ ತಂಡ ಈ ಸಲ ಕಪ್ ಎತ್ತುತ್ತದೆ ಎಂಬುದನ್ನು ಒಂದೇ ಒಂದು ರೈಡ್ ನಡೆಯುವ ಮೊದಲೇ ತೀರ್ಮಾನಿಸುವ ಮಾತುಗಾರಿಕೆ ಅದು. ಟಿವಿಯ ಪರಿಣತರು ಹೇಳಿದ್ದು ಮರುದಿನ ಹೋಟೆಲಿನ ಬೆಂಚಿನ ಮೇಲೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸತ್ಯವಾಗಿ ಓಡಾಡುತ್ತದೆ. ಹಾಗೆ ಹೇಳಿದವರ ಮಾತು ಎಷ್ಟು ಸಲ ನಿಜವಾಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಲೇಬೇಕಾದ ಪ್ರಶ್ನೆ ಅದು. ಕೇಳಲು ಪುತ್ತೂರಿನವರಿಗಿಂತ ಹೆಚ್ಚಿನ ಹಕ್ಕು ಯಾರಿಗೂ ಇಲ್ಲ.

ಯಾಕೆಂದರೆ ಎಂಟನೇ ಸೀಸನ್‌ನ ಕತೆ ಪುತ್ತೂರಿನವರದ್ದೇ. 2021ರ ಹರಾಜಿನಲ್ಲಿ ಪರ್ದೀಪ್ ನರ್ವಾಲ್ ಪಟ್ನಾ ಪೈರೇಟ್ಸ್ ಬಿಟ್ಟು 1.65 ಕೋಟಿಗೆ ಯುಪಿ ಯೋಧಾ ಪಾಲಾದರು. ಅದು ಆಗಿನ ದಾಖಲೆ. ಪರ್ದೀಪ್ ಎಂದರೆ ಪಟ್ನಾಕ್ಕೆ ಸಾಲಾಗಿ ಮೂರು ಕಪ್ ಗೆಲ್ಲಿಸಿದ ಆಟಗಾರ, ಐದನೇ ಸೀಸನ್ ಒಂದರಲ್ಲೇ 369 ರೈಡ್ ಅಂಕ ತೆಗೆದವರು. ಅವರು ಹೋದ ಮೇಲೆ ಪಟ್ನಾದಲ್ಲಿ ಉಳಿದದ್ದೇನು ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು. ಉಳಿದ ತಂಡದ ನಾಯಕತ್ವ ಬಂದದ್ದು ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಅವರಿಗೆ. ಕೊರೊನಾ ಕಾರಣಕ್ಕೆ ಪ್ರೇಕ್ಷಕರಿಲ್ಲದೆ ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಟೆಲೊಂದರ ಒಳಗೆ ಇಡೀ ಟೂರ್ನಿ ನಡೆಯಿತು. ‘ಪರ್ದೀಪ್ ಇಲ್ಲದ ಪಟ್ನಾ’ ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಸೆಮಿಫೈನಲ್‌ನಲ್ಲಿ ಅದು ಸೋಲಿಸಿದ್ದು ಅದೇ ಪರ್ದೀಪ್ ಇದ್ದ ಯುಪಿ ಯೋಧಾವನ್ನು, 38-27ರಿಂದ. 2022ರ ಫೆಬ್ರವರಿ 25ರ ಫೈನಲ್‌ನಲ್ಲಿ ದಬಾಂಗ್ ದೆಹಲಿಗೆ ಸೋತದ್ದು ಬರೀ ಒಂದು ಅಂಕದಿಂದ, 36-37.

ಆ ಪಟ್ನಾ ತಂಡದಲ್ಲಿ ಇನ್ನೊಬ್ಬನಿದ್ದ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲು. ಪಟ್ನಾ ಅವನಿಗೆ ಕೊಟ್ಟದ್ದು 31 ಲಕ್ಷ. ಕಾಲು ಹಿಡಿದರೆ ಬಿಡದ ಈ ಎಡಮೂಲೆಯ ಹುಡುಗ ತನ್ನ ಮೊದಲ ಸೀಸನ್‌ನಲ್ಲೇ 89 ಟ್ಯಾಕಲ್ ಅಂಕ ಗಳಿಸಿ ಹಿಡಿತಗಾರರ ಪಟ್ಟಿಯ ತುದಿಯಲ್ಲಿ ನಿಂತ. ಬೆಲೆಯ ಪಟ್ಟಿಯನ್ನೇ ಬಲದ ಪಟ್ಟಿ ಎಂದು ಓದಿದವರಿಗೆ ಪಟ್ನಾದ ಆ ವರ್ಷ ಅರ್ಥವಾಗುವುದು ಕಷ್ಟ. ಏಳು ಮಂದಿ ಒಟ್ಟಿಗೆ ಆಡುವ ಆಟದಲ್ಲಿ ಮೂಲೆಯವನು ಕಾಲಿಗೆ ಬೀಳುವ ಕ್ಷಣಕ್ಕೆ ಸರಿಯಾಗಿ ಕವರ್‌ನವನು ಮೈಮೇಲೆ ಬರಬೇಕು. ಅರ್ಧ ಕ್ಷಣ ತಡವಾದರೆ ಇಬ್ಬರೂ ಔಟ್. ಆ ಹೊಂದಾಣಿಕೆ ಕೂಡಿಬರುವುದು ತಿಂಗಳುಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದಾಗ. ಹರಾಜಿನ ಮೇಜಿನ ಮೇಲೆ ಅದಕ್ಕೆ ಬೆಲೆ ಕಟ್ಟುವ ದಾರಿ ಇಲ್ಲ.

ಹರಾಜಿನ ಬೆಲೆ ಏನನ್ನು ಹೇಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಬ್ಬ ಆಟಗಾರನ ಬೆಲೆ ಏರಬೇಕಾದರೆ ಅವನನ್ನು ಬೇಕೆನ್ನುವ ಇಬ್ಬರಾದರೂ ಇರಬೇಕು, ಆ ಇಬ್ಬರ ಕೈಯಲ್ಲೂ ಆ ಹೊತ್ತಿಗೆ ದುಡ್ಡು ಉಳಿದಿರಬೇಕು. ಹೆಸರು ಮೊದಲು ಬಂದರೆ ಒಂದು ಬೆಲೆ, ಸಂಜೆ ಬಂದರೆ ಇನ್ನೊಂದು. ಹಳೆಯ ತಂಡಕ್ಕೆ ಕೊನೆಯ ಕೂಗಿನ ಮೊತ್ತವನ್ನೇ ಕೊಟ್ಟು ಆಟಗಾರನನ್ನು ವಾಪಸ್ ಪಡೆಯುವ ಅವಕಾಶವೂ ನಿಯಮದಲ್ಲಿದೆ. ಆ ಭಯಕ್ಕೆ ಕೆಲವರು ಕೂಗು ಏರಿಸುತ್ತಾರೆ, ಕೆಲವರು ಹಿಂದೆ ಸರಿಯುತ್ತಾರೆ. ಇಷ್ಟೆಲ್ಲ ಸೇರಿ ಹುಟ್ಟಿದ ಒಂದು ಅಂಕಿಯನ್ನು ಹಿಡಿದು ‘ಇವನು ಈ ಸೀಸನ್‌ನ ನಂಬರ್ ಒನ್’ ಎಂದರೆ ಅದು ವಿಶ್ಲೇಷಣೆಯಾಗುವುದಿಲ್ಲ, ಕೂಗಿನ ವರದಿಯಾಗುತ್ತದೆ ಅಷ್ಟೆ.

2018ರ ಆರನೇ ಸೀಸನ್ ಇದಕ್ಕೆ ಎಲ್ಲರೂ ನೆನಪಿಡಬೇಕಾದ ಸಾಕ್ಷಿ. ಮೊದಲ ಹರಾಜಿನಲ್ಲಿ, ಅಂದರೆ 2014ರಲ್ಲಿ, ಅತಿ ಹೆಚ್ಚು ಬೆಲೆ ಪಡೆದ ರಾಕೇಶ್ ಕುಮಾರ್‌ಗೆ ಸಿಕ್ಕಿದ್ದು 12.8 ಲಕ್ಷ. ನಾಲ್ಕೇ ವರ್ಷದಲ್ಲಿ ಆರು ಮಂದಿ ಕೋಟಿ ಮುಟ್ಟಿದರು. ಮೋನು ಗೋಯತ್‌ಗೆ ಹರಿಯಾಣ ಸ್ಟೀಲರ್ಸ್ 1.51 ಕೋಟಿ ಕೊಟ್ಟಿತು. ರಾಹುಲ್ ಚೌಧರಿ, ದೀಪಕ್ ಹೂಡಾ, ನಿತಿನ್ ತೋಮರ್, ರಿಶಾಂಕ್ ದೇವಾಡಿಗ, ಫಜಲ್ ಅತ್ರಾಚಲಿ ಉಳಿದ ಐವರು. ನಮ್ಮ ಪ್ರಶಾಂತ್ ರೈಗೆ ಅದೇ ಹರಾಜಿನಲ್ಲಿ ಯುಪಿ ಯೋಧಾದಿಂದ 79 ಲಕ್ಷ ಬಂತು. ಪುತ್ತೂರಿನ ಮಟ್ಟಿಗೆ ಅದು ಹಬ್ಬದ ಸುದ್ದಿ. ಕೋಟಿವೀರರ ಗದ್ದಲದ ನಡುವೆ ಬೆಂಗಳೂರು ಬುಲ್ಸ್ 52.8 ಲಕ್ಷಕ್ಕೆ ಒಬ್ಬ ರೈಡರ್‌ನನ್ನು ತೆಗೆದುಕೊಂಡಿತು. ಹಿಂದಿನ ವರ್ಷ ಗುಜರಾತ್ ತಂಡದಲ್ಲಿ ಹೆಚ್ಚಿನ ಹೊತ್ತು ಬೆಂಚಿನ ಮೇಲೆ ಕೂತಿದ್ದವನು ಅವನು. ಹೆಸರು ಪವನ್ ಸೆಹ್ರಾವತ್.

ಆ ಸೀಸನ್ ಮುಗಿದಾಗ ಪವನ್ ಹೆಸರಿನ ಮುಂದೆ 271 ರೈಡ್ ಅಂಕ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಅವನೊಬ್ಬನೇ 22 ಅಂಕ ತೆಗೆದು ಬುಲ್ಸ್‌ಗೆ ಮೊದಲ ಕಪ್ ತಂದುಕೊಟ್ಟ. ಎದುರಾಳಿ ಅದೇ ಗುಜರಾತ್. 1.51 ಕೋಟಿಯ ಹರಿಯಾಣ ತನ್ನ ವಲಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಅದೇ ಸೀಸನ್‌ನಲ್ಲಿ ದೆಹಲಿ ತಂಡಕ್ಕೆ ಆಡಲು ಬಂದ ನವೀನ್ ಕುಮಾರ್ ಎಂಬ ಹದಿನೆಂಟರ ಹುಡುಗನಂತೂ ಹರಾಜಿನ ಸುತ್ತಿಗೆಯ ಕೆಳಗೆ ಬಂದವನೇ ಅಲ್ಲ. ಹೊಸ ಯುವ ಆಟಗಾರರೆಂದು ತಂಡಗಳು ನೇರವಾಗಿ ಸೇರಿಸಿಕೊಳ್ಳುವ ಪಟ್ಟಿಯಲ್ಲಿ ಬಂದವನು. ಮುಂದಿನ ಎರಡೂ ಸೀಸನ್‌ಗಳಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಅವನೇ. ಟಿವಿಯ ಪರಿಣತರು ಎರಡು ದಿನ ಗಂಟೆಗಟ್ಟಲೆ ಮಾತಾಡುವ ಹರಾಜಿನ ಹೊರಗೇ ಲೀಗ್‌ನ ನಾಳೆ ಬೆಳೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಹಾಗೆಂದು ಪರಿಣತರಿಗೆ ಏನೂ ತಿಳಿಯದು ಎನ್ನುವುದು ತಪ್ಪು. ಶಾದ್ಲು ವಿಷಯದಲ್ಲಿ ಅವರ ಹೊಗಳಿಕೆ ಪೂರಾ ಸರಿಯಾಗಿತ್ತು. 2023ರಲ್ಲಿ ಪುಣೇರಿ ಪಲ್ಟನ್ ಅವನಿಗೆ 2.35 ಕೋಟಿ ಕೊಟ್ಟಿತು, ಕಪ್ ಗೆದ್ದಿತು. ಮರುವರ್ಷ ಹರಿಯಾಣ 2.07 ಕೋಟಿ ಕೊಟ್ಟಿತು, ಅದೂ ಗೆದ್ದಿತು. ಆದರೆ 2023ರ ಅದೇ ಹರಾಜಿನಲ್ಲಿ ತೆಲುಗು ಟೈಟಾನ್ಸ್ ಪವನ್‌ಗೆ 2.605 ಕೋಟಿ ಕೊಟ್ಟು ದಾಖಲೆ ಮಾಡಿತು. ಪವನ್ ಸೋಲಲಿಲ್ಲ, ಇನ್ನೂರಕ್ಕೂ ಹೆಚ್ಚು ರೈಡ್ ಅಂಕ ತೆಗೆದರು. ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಹನ್ನೆರಡನೇ ಸ್ಥಾನಕ್ಕೆ ಬಿತ್ತು. ಐದು ಕೋಟಿಯ ಚೀಲದಲ್ಲಿ ಅರ್ಧ ಒಬ್ಬನಿಗೆ ಹೋದಾಗ ಕಾರ್ನರ್, ಕವರ್‌ಗಳಿಗೆ ಏನು ಉಳಿಯುತ್ತದೆ ಎಂಬ ಲೆಕ್ಕ ಹರಾಜಿನ ದಿನವೇ ಎಲ್ಲರ ಕಣ್ಣೆದುರಿಗಿತ್ತು. 2025ರಲ್ಲಿ ಎರಡು ಕೋಟಿ ದಾಟಿದವರು ಇಬ್ಬರೇ. ಗುಜರಾತ್‌ಗೆ ಹೋದ ಶಾದ್ಲು 2.23 ಕೋಟಿ, ಬಂಗಾಳಕ್ಕೆ ಹೋದ ದೇವಾಂಕ್ ದಲಾಲ್ 2.205 ಕೋಟಿ. ಎರಡೂ ತಂಡಗಳು ಮೊದಲ ಎಂಟರೊಳಗೆ ಬರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಒಬ್ಬ ಆಟಗಾರ ಹೇಗೆ ಆಡುತ್ತಾನೆ, ಎಡಕ್ಕೆ ಹೋದರೆ ಎಷ್ಟು ಅಪಾಯಕಾರಿ, ಬೋನಸ್ ಗೆರೆಗೆ ಯಾವ ಕಾಲು ಹಾಕುತ್ತಾನೆ, ಡೂ ಆರ್ ಡೈ ರೈಡ್‌ನಲ್ಲಿ ಅವಸರ ಮಾಡುತ್ತಾನೋ ಇಲ್ಲವೋ ಎಂಬುದನ್ನು ಆಡಿ ಬಂದ ಪರಿಣತರು ಚೆನ್ನಾಗಿಯೇ ಹೇಳುತ್ತಾರೆ. ಅವರ ಕಣ್ಣಿಗೆ ಬೀಳುವುದು ಸಾಮಾನ್ಯ ಪ್ರೇಕ್ಷಕನಿಗೆ ಬೀಳುವುದಿಲ್ಲ. ಆ ಮಾತಿಗೆ ಬೆಲೆ ಇದೆ, ಅದನ್ನು ಕೇಳಿ ಆಲೆಟ್ಟಿಯ ಹುಡುಗನೂ ಕಲಿಯಬಹುದು. ಆದರೆ ಅದೇ ಉಸಿರಿನಲ್ಲಿ ‘ಈ ತಂಡ ಫೈನಲ್‌ಗೆ ಹೋಗುತ್ತದೆ’, ‘ಇವನಿಗೆ ಎರಡು ಕೋಟಿ ಗ್ಯಾರಂಟಿ’ ಎಂದಾಗ ಅವರು ತಮಗೆ ಗೊತ್ತಿರುವ ಕ್ಷೇತ್ರ ದಾಟಿ ಯಾರಿಗೂ ಗೊತ್ತಿಲ್ಲದ ಕ್ಷೇತ್ರಕ್ಕೆ ಕಾಲಿಡುತ್ತಾರೆ. ದಾಟಿದ್ದನ್ನು ಪ್ರೇಕ್ಷಕನಿಗೆ ತಿಳಿಸುವುದಿಲ್ಲ. ಧ್ವನಿಯ ಭರವಸೆ ಎರಡಕ್ಕೂ ಒಂದೇ.

ಇದು ಕಬಡ್ಡಿಗೆ ಮಾತ್ರ ಅಂಟಿದ ರೋಗವಲ್ಲ. ಅಮೆರಿಕದ ಫುಟ್‌ಬಾಲ್‌ನಲ್ಲಿ ಹರಾಜಿನ ಬದಲು ‘ಡ್ರಾಫ್ಟ್’ ಇದೆ. ಕಾಲೇಜಿನಿಂದ ಬರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸುತ್ತವೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಆ ಆಯ್ಕೆಗೆ ತಿಂಗಳುಗಟ್ಟಲೆ ಮುಂಚೆ ಯಾರು ಯಾವ ಕ್ರಮಾಂಕದಲ್ಲಿ ಹೋಗುತ್ತಾರೆ ಎಂದು ಹೇಳುವುದೇ ಅಲ್ಲಿ ಟಿವಿಯ ಒಂದು ದೊಡ್ಡ ಉದ್ಯೋಗ. ಮೆಲ್ ಕೈಪರ್ ಎಂಬ ವಿಶ್ಲೇಷಕ 1984ರಿಂದ ಇಎಸ್‌ಪಿಎನ್‌ನಲ್ಲಿ ಅದನ್ನೇ ಮಾಡುತ್ತಿದ್ದಾರೆ. 2000ದ ಡ್ರಾಫ್ಟ್‌ನಲ್ಲಿ 198 ಹುಡುಗರು ಆಯ್ಕೆಯಾದ ಮೇಲೆ 199ನೆಯವನಾಗಿ ಟಾಮ್ ಬ್ರೇಡಿಯ ಹೆಸರು ಬಂತು. ಮುಂದೆ ಏಳು ಸೂಪರ್ ಬೌಲ್ ಗೆದ್ದವರು ಅವರು. ತಂಡಗಳೂ ಪರಿಣತರೂ ಒಟ್ಟಿಗೇ ತಪ್ಪಿದ್ದರು. 2025ರಲ್ಲಿ ಕೈಪರ್ ತಮ್ಮ ಪಟ್ಟಿಯಲ್ಲಿ ಮೊದಲ ಐವರೊಳಗೆ ಇಟ್ಟಿದ್ದ ಶೆದೂರ್ ಸ್ಯಾಂಡರ್ಸ್‌ನನ್ನು ತಂಡಗಳು ಒಂದಾದ ಮೇಲೊಂದರಂತೆ ಬಿಟ್ಟು ಹೋದವು. ಕೊನೆಗೆ 144ನೆಯವನಾಗಿ ಕ್ಲೀವ್‌ಲ್ಯಾಂಡ್ ಆರಿಸಿಕೊಂಡಿತು. ಮೂರು ದಿನ ಕ್ಯಾಮೆರಾದ ಎದುರು ಕೈಪರ್ ಸಿಟ್ಟು ತೋರಿಸಿದ್ದು ಜಗತ್ತೇ ನೋಡಿತು.

ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಜೊತೆ ಸೇರಿ ಈ ಡ್ರಾಫ್ಟ್ ಅನ್ನೇ ಅಧ್ಯಯನ ಮಾಡಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಹುಡುಗರು ಒಬ್ಬರ ಹಿಂದೆ ಒಬ್ಬರು ಆಯ್ಕೆಯಾದರೆ, ಮೊದಲು ಆಯ್ಕೆಯಾದವನು ಆಟದಲ್ಲೂ ಮುಂದಾಗುವುದು ನೂರಕ್ಕೆ 52ರ ಸುಮಾರಿಗೆ. ನಾಣ್ಯ ಚಿಮ್ಮಿದರೆ 50. ಕೋಟಿಗಟ್ಟಲೆ ಡಾಲರ್ ಸುರಿದು, ವರ್ಷಗಟ್ಟಲೆ ಹಿಂಬಾಲಿಸಿ ಆರಿಸುವ ತಂಡಗಳಿಗೇ ಸಿಗುವ ಲಾಭ ಇಷ್ಟೇ ಆದರೆ, ವಿಡಿಯೋ ತುಣುಕು ನೋಡಿ ಸ್ಟುಡಿಯೋದಲ್ಲಿ ಮಾತಾಡುವವರ ಭರವಸೆಯನ್ನು ಎಷ್ಟು ನಂಬಬೇಕು ಎಂಬುದು ಓದುಗರೇ ಯೋಚಿಸಬೇಕಾದದ್ದು. ಫಿಲಿಪ್ ಟೆಟ್ಲಾಕ್ ಎಂಬ ಮನಃಶಾಸ್ತ್ರಜ್ಞ ರಾಜಕೀಯದ 284 ಪರಿಣತರ ಭವಿಷ್ಯಗಳನ್ನು ಸುಮಾರು ಎರಡು ದಶಕ ದಾಖಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಧ್ಯಮಗಳಲ್ಲಿ ಹೆಚ್ಚು ಹೆಸರು ಮಾಡಿದವರ ಮಾತು ಹೆಚ್ಚು ತಪ್ಪಾಗಿತ್ತು. ಅನುಮಾನ ಇಟ್ಟುಕೊಂಡು ಮಾತಾಡುವವರನ್ನು ಟಿವಿ ಕರೆಯುವುದಿಲ್ಲ. ಖಚಿತವಾಗಿ ಮಾತಾಡುವವರನ್ನು ಕರೆಯುತ್ತದೆ.

ಪ್ರೊ ಕಬಡ್ಡಿಯಲ್ಲಿ ಇನ್ನೂ ಒಂದು ತೊಡಕು ಇದೆ. ಲೀಗ್ ನಡೆಸುವ ಮಶಾಲ್ ಸ್ಪೋರ್ಟ್ಸ್ ಸಂಸ್ಥೆಯಲ್ಲಿ 74 ಶೇಕಡಾ ಪಾಲನ್ನು ಪ್ರಸಾರ ಸಂಸ್ಥೆ ಸ್ಟಾರ್ ಇಂಡಿಯಾ 2015ರಲ್ಲೇ ಕೊಂಡುಕೊಂಡಿತು. ಅಂದರೆ ಹರಾಜನ್ನು ನಡೆಸುವವರು, ತೋರಿಸುವವರು, ಅದರ ಬಗ್ಗೆ ಮಾತಾಡಲು ಪರಿಣತರಿಗೆ ಸಂಭಾವನೆ ಕೊಡುವವರು ಒಂದೇ ಮನೆಯವರು. ಆ ಕುರ್ಚಿಯಲ್ಲಿ ಕೂತವರು ಪ್ರಾಮಾಣಿಕರಲ್ಲ ಎಂದು ಇದರ ಅರ್ಥವಲ್ಲ. ಅವರಲ್ಲಿ ಹಲವರು ದೇಶಕ್ಕೆ ಚಿನ್ನ ತಂದವರು. ಆದರೆ ‘ಈ ಬೆಲೆ ಹುಚ್ಚುತನ, ಈ ಖರೀದಿಯಿಂದ ಈ ತಂಡ ಕೊನೆಗೆ ಬೀಳುತ್ತದೆ’ ಎಂದು ಹೇಳುವುದು ಆ ಕುರ್ಚಿಯಿಂದ ಸುಲಭವಲ್ಲ. ಪ್ರತಿ ಖರೀದಿಯೂ ‘ಮಾಸ್ಟರ್ ಸ್ಟ್ರೋಕ್’ ಆಗುವುದು ಅದಕ್ಕೇ. ಹನ್ನೆರಡು ತಂಡಗಳೂ ಮಾಸ್ಟರ್ ಸ್ಟ್ರೋಕ್ ಹೊಡೆದರೆ ಕೊನೆಯ ಸ್ಥಾನಕ್ಕೆ ಬೀಳುವವರು ಯಾರು?

ಈ ನಾಡಿನವರಿಗೆ ಅಡಿಕೆಯ ಉದಾಹರಣೆ ಸಾಕು. ಅಂಗಡಿಗೆ ತಂದ ಚಾಲಿಯನ್ನು ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು ಎಂದು ಬೇರೆ ಮಾಡಿ ದರ ಹೇಳುವವನು ಆ ದರಕ್ಕೆ ತಾನೇ ಕೊಳ್ಳುತ್ತಾನೆ. ಅಂದಾಜು ತಪ್ಪಿದರೆ ನಷ್ಟ ಅವನದ್ದೇ. ಹರಾಜಿನಲ್ಲಿ ಕೈ ಎತ್ತುವ ತಂಡದ ಮಾಲೀಕನೂ ಹಾಗೆಯೇ. ನಡುವೆ ದರ ಮಾತ್ರ ಹೇಳಿ ಏನನ್ನೂ ಕೊಳ್ಳದೆ ಎದ್ದು ಹೋಗುವವರು ಟಿವಿಯ ವಿಶ್ಲೇಷಕರು.

ಹಾಗಾದರೆ ಮುಂದಿನದನ್ನು ಹೇಳುವುದೇ ತಪ್ಪೇ? ಅಲ್ಲ. ಹೇಳಿದ್ದಕ್ಕೆ ಉತ್ತರ ಕೊಡುವ ರೂಢಿ ಇದ್ದ ಕಡೆ ಹೇಳುವವರೂ ಎಚ್ಚರವಾಗುತ್ತಾರೆ. ಹವಾಮಾನ ಇಲಾಖೆ ಪ್ರತಿ ಏಪ್ರಿಲ್‌ನಲ್ಲಿ ಮುಂಗಾರಿನ ಅಂದಾಜು ಕೊಡುವಾಗ ತಪ್ಪಬಹುದಾದ ಅಂತರವನ್ನೂ ಜೊತೆಗೇ ಕೊಡುತ್ತದೆ. 2023ರಲ್ಲಿ ಅದು ಹೇಳಿದ್ದು ದೀರ್ಘಾವಧಿ ಸರಾಸರಿಯ 96 ಶೇಕಡಾ, ಬಿದ್ದದ್ದು 94. 2024ರಲ್ಲಿ ಹೇಳಿದ್ದು 106, ಬಿದ್ದದ್ದು 108. ಸೆಪ್ಟೆಂಬರ್ ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ವರದಿ ಹೊರಡಿಸುತ್ತದೆ. ಚುನಾವಣೆಯ ಮತಗಟ್ಟೆ ಸಮೀಕ್ಷೆಗಳನ್ನೇ ನೋಡಿ. 2023ರ ಕರ್ನಾಟಕ ವಿಧಾನಸಭೆಗೆ ಆ್ಯಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್‌ಗೆ 122ರಿಂದ 140 ಸ್ಥಾನ ಎಂದಿತ್ತು, ಬಂದದ್ದು 135. ಮರುವರ್ಷ ಲೋಕಸಭೆಗೆ ಎನ್‌ಡಿಎಗೆ 361ರಿಂದ 401 ಎಂದಿತು, ಬಂದದ್ದು 293. 2024ರ ಜೂನ್ 4ರಂದು ಅದರ ಮುಖ್ಯಸ್ಥ ಪ್ರದೀಪ್ ಗುಪ್ತಾ ನೇರ ಪ್ರಸಾರದಲ್ಲೇ ಕಣ್ಣೀರು ಹಾಕಿದರು. ಮತ ಎಣಿಕೆಯ ದಿನ ಅವರ ಅಂಕಿ ಪರದೆಯ ಮೇಲೆ ಇತ್ತು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹರಾಜಿನ ಪರಿಣತರಿಗೆ ಅಂಥ ಎಣಿಕೆಯ ದಿನವೇ ಇಲ್ಲ. ಹರಾಜಾಗಿ ಫೈನಲ್ ಬರುವಾಗ ತಿಂಗಳುಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಯಾರು ಏನು ಹೇಳಿದ್ದರು ಎಂಬುದು ಮರೆತಿರುತ್ತದೆ.

ಕ್ರಿಕೆಟ್ಟಿನಲ್ಲೂ ಕತೆ ಬೇರೆ ಅಲ್ಲ. 2024ರ ನವೆಂಬರ್‌ನಲ್ಲಿ ಜೆಡ್ಡಾದ ಐಪಿಎಲ್ ಹರಾಜಿಗೆ ಮುನ್ನ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಮತ್ತೆ ಬೆಂಗಳೂರಿಗೇ ಬರುತ್ತಾರೆ, ಇಪ್ಪತ್ತು ಕೋಟಿ ದಾಟುತ್ತಾರೆ ಎಂಬ ಮಾತು ಟಿವಿ ಚರ್ಚೆಗಳಲ್ಲಿ ದಟ್ಟವಾಗಿತ್ತು. ಅವರು ಹೋದದ್ದು ಡೆಲ್ಲಿಗೆ, 14 ಕೋಟಿಗೆ. 83 ಕೋಟಿ ಕೈಯಲ್ಲಿದ್ದೂ ದೊಡ್ಡ ಹೆಸರು ಕೊಳ್ಳಲಿಲ್ಲ ಎಂದು ಆರ್‌ಸಿಬಿ ಬೈಸಿಕೊಂಡಿತು. 27 ಕೋಟಿಯ ರಿಷಭ್ ಪಂತ್ ಇದ್ದ ಲಖನೌ ಏಳನೇ ಸ್ಥಾನದಲ್ಲಿ, 23.75 ಕೋಟಿಯ ವೆಂಕಟೇಶ್ ಅಯ್ಯರ್ ಇದ್ದ ಕೋಲ್ಕತ್ತ ಎಂಟನೇ ಸ್ಥಾನದಲ್ಲಿ ನಿಂತವು. ಹದಿನೆಂಟು ವರ್ಷ ಕಾದ ಆರ್‌ಸಿಬಿ 2025ರ ಜೂನ್ 3ರಂದು ಕಪ್ ಎತ್ತಿತು. ಆ ಫೈನಲ್‌ನ ಪಂದ್ಯಶ್ರೇಷ್ಠ 5.75 ಕೋಟಿಯ ಕೃಣಾಲ್ ಪಾಂಡ್ಯ.

ದೊಡ್ಡ ಲೀಗ್‌ಗಳ ಮಾತು ಒಂದು ಕಡೆ ಇರಲಿ. ಈ ಮಾತುಗಾರಿಕೆ ಹಳ್ಳಿಗೆ ಇಳಿದಾಗ ಏನಾಗುತ್ತಿದೆ ಎಂಬುದು ಹೆಚ್ಚು ಕಾಡಬೇಕಾದ ವಿಷಯ. ಕೆಲವು ವರ್ಷಗಳಿಂದ ಪುತ್ತೂರು, ಸುಳ್ಯದ ಕಡೆ ಕಬಡ್ಡಿಗೂ ಅಂಡರ್ ಆರ್ಮ್ ಕ್ರಿಕೆಟ್ಟಿಗೂ ಹರಾಜು ಮಾದರಿಯ ಟೂರ್ನಿಗಳು ಬಂದಿವೆ. ಇದರಿಂದ ಒಳ್ಳೆಯದೂ ಆಗಿದೆ: ಬೇರೆ ಬೇರೆ ಬೈಲಿನ ಹುಡುಗರು ಒಂದೇ ತಂಡದಲ್ಲಿ ಆಡುತ್ತಾರೆ, ಪ್ರಾಯೋಜಕರು ಸಿಗುತ್ತಾರೆ. ಆದರೆ ಸಭಾಂಗಣದಲ್ಲಿ ಮೈಕ್ ಹಿಡಿದು ಟಿವಿಯ ಧಾಟಿಯಲ್ಲೇ ಹೆಸರು ಕೂಗಿ, ಪರದೆಯ ಮೇಲೆ ಫೋಟೋ ಹಾಕಿ, ಯಾರೂ ಕೈ ಎತ್ತದಿದ್ದರೆ ‘ಅನ್‌ಸೋಲ್ಡ್’ ಎಂದು ಊರವರ ಎದುರೇ ಸಾರುವುದಿದೆಯಲ್ಲ, ಅದು ಕ್ರೂರ. ವೃತ್ತಿಪರ ಆಟಗಾರ ಅದಕ್ಕೆ ಒಪ್ಪಿ ಸಹಿ ಹಾಕಿರುತ್ತಾನೆ. ಪಿಯುಸಿ ಓದುವ ಹುಡುಗ ಹಾಗಲ್ಲ. ಅವನ ಅಪ್ಪ, ಮಾವ, ಕ್ಲಾಸಿನ ಗೆಳೆಯರು ಎಲ್ಲ ಅದೇ ಸಭೆಯಲ್ಲಿ ಕೂತಿರುತ್ತಾರೆ. ನಾಳೆ ಬೆಳಗ್ಗೆ ಅದೇ ಬಸ್ಸಿನಲ್ಲಿ ಅವನು ಕಾಲೇಜಿಗೆ ಹೋಗಬೇಕು.

ಅವನಿಗೆ ಬೆಲೆ ಕಟ್ಟಿದ್ದು ಯಾವ ಆಧಾರದ ಮೇಲೆ? ಹೆಚ್ಚಿನ ಸಲ ಒಂದೆರಡು ಪಂದ್ಯಾಟ ನೋಡಿದವರ ನೆನಪಿನ ಮೇಲೆ. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುವುದಕ್ಕೂ ಮ್ಯಾಟ್ ಮೇಲೆ ಶೂ ಹಾಕಿ ಆಡುವುದಕ್ಕೂ ಬಹಳ ವ್ಯತ್ಯಾಸ. ಮಣ್ಣಿನಲ್ಲಿ ಜಾರುವ ಕಾಲು ಮ್ಯಾಟ್ ಮೇಲೆ ಕಚ್ಚಿ ನಿಲ್ಲುತ್ತದೆ; ಒಮ್ಮೆಲೇ ತಿರುಗುವ ರೈಡರ್‌ಗೆ ಅದು ವರ, ಮೊಣಕಾಲಿಗೆ ಅಪಾಯ. ಊರಿನ ಪಂದ್ಯಾಟದಲ್ಲಿ 60 ಕೆ.ಜಿ., 65 ಕೆ.ಜಿ. ಎಂದು ತೂಕದ ವಿಭಾಗ ಇರುತ್ತದೆ. ಲೀಗ್‌ನಲ್ಲಿ ಅವನ ಎದುರು ನಿಲ್ಲುವವನು ಎಂಬತ್ತರ ಮೇಲಿನವನಾಗಿರಬಹುದು. ಹಳೆಯ ಆಟಗಾರರು ಹೊಸ ಹುಡುಗನನ್ನು ಅಳೆಯುವ ರೀತಿ ನೋಡಿದರೆ ಇದು ಗೊತ್ತಾಗುತ್ತದೆ. ಅವರು ಅಂಕ ಎಣಿಸುವುದಿಲ್ಲ. ರೈಡ್‌ಗೆ ಹೋದವನ ಉಸಿರು ಎಲ್ಲಿ ಸಣ್ಣದಾಗುತ್ತದೆ, ಹಿಂದೆ ಬರುವಾಗ ಕಣ್ಣು ಮಧ್ಯದ ಗೆರೆಯ ಮೇಲಿದೆಯೋ ಹಿಡಿತಗಾರನ ಸೊಂಟದ ಮೇಲಿದೆಯೋ, ಔಟಾಗಿ ಹೊರಗೆ ಕೂತಾಗ ಆಟ ನೋಡುತ್ತಾನೋ ಫೋನು ನೋಡುತ್ತಾನೋ ಎಂದು ನೋಡುತ್ತಾರೆ. ‘ಎರಡು ವರ್ಷ ಬಿಟ್ಟು ಹೇಳುವ’ ಎನ್ನುತ್ತಾರೆ. ಆ ಎರಡು ವರ್ಷದ ತಾಳ್ಮೆ ಟಿವಿಗೆ ಇಲ್ಲ. ಊರಿನ ಕಬಡ್ಡಿಗೂ ಅದು ಇಲ್ಲವಾಗಬಾರದು.

ಬೆಲೆಯೇ ಯೋಗ್ಯತೆ ಎಂಬ ನಂಬಿಕೆಯಿಂದ ಪೂರಾ ಹೊರಗೆ ಉಳಿದವರು ಹುಡುಗಿಯರು. ಕಾರ್ಕಳದ ಮಮತಾ ಪೂಜಾರಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. 2016ರಲ್ಲಿ ಪ್ರೊ ಕಬಡ್ಡಿಯ ಜೊತೆ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆದಾಗ ಅವರು ಫೈರ್ ಬರ್ಡ್ಸ್ ನಾಯಕಿ. ಬೆಂಗಳೂರಿನ ತೇಜಸ್ವಿನಿ ಬಾಯಿ ನಾಯಕತ್ವದ ಸ್ಟಾರ್ಮ್ ಕ್ವೀನ್ಸ್ ಎದುರಿನ ಫೈನಲ್ 24-23ರಲ್ಲಿ ಮುಗಿಯಿತು. ಆಟ ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ಆ ಅಂಕಗಳೇ ಸಾಕ್ಷಿ. ಪ್ರೊ ಕಬಡ್ಡಿಯವರು ಅದನ್ನು ಮುಂದುವರಿಸಲಿಲ್ಲ. ಹರಾಜಿಲ್ಲ, ಆದ್ದರಿಂದ ಬೆಲೆಯಿಲ್ಲ, ಆದ್ದರಿಂದ ಚರ್ಚೆಯೂ ಇಲ್ಲ. ಮಮತಾ ಅವರ ಆಟವನ್ನು ಯಾವ ಕೋಟಿಯ ಅಂಕಿಯಿಂದ ಅಳೆಯುತ್ತೀರಿ?

ಆದ್ದರಿಂದ ಪ್ರಸಾರ ಸಂಸ್ಥೆಯವರಲ್ಲಿ ಒಂದು ಬೇಡಿಕೆ. ಹರಾಜಿನ ದಿನ ನಿಮ್ಮ ಪರಿಣತರು ಹೇಳಿದ್ದನ್ನು ಬರೆದಿಡಿ. ಯಾವ ತಂಡ ಮೊದಲ ಆರರಲ್ಲಿ, ಯಾವ ಆಟಗಾರ ಮೊದಲ ಹತ್ತರಲ್ಲಿ ಎಂದು ಪ್ರತಿಯೊಬ್ಬರ ಹೆಸರಿನಡಿ ಪಟ್ಟಿ ಮಾಡಿ. ಫೈನಲ್ ಮುಗಿದ ರಾತ್ರಿ ಆ ಪಟ್ಟಿಯನ್ನೂ ಅಂಕಪಟ್ಟಿಯನ್ನೂ ಪಕ್ಕಪಕ್ಕ ತೋರಿಸಿ. ಹೆಚ್ಚು ಸರಿ ಹೇಳಿದವರಿಗೆ ಮುಂದಿನ ವರ್ಷ ಹೆಚ್ಚು ಸಮಯ ಕೊಡಿ. ತಪ್ಪಿದವರು ಯಾಕೆ ತಪ್ಪಿತು ಎಂದು ಹೇಳಲಿ. ಆ ವಿವರಣೆಯಿಂದಲೇ ಪ್ರೇಕ್ಷಕರು ಆಟವನ್ನು ಹೆಚ್ಚು ಕಲಿಯುತ್ತಾರೆ. ಲೀಗ್‌ನ ಒಡೆತನದಲ್ಲಿ ಚಾನೆಲ್‌ಗೆ ಪಾಲಿದೆ ಎಂಬುದನ್ನು ಹರಾಜಿನ ಕಾರ್ಯಕ್ರಮದಲ್ಲೇ ಒಂದು ಸಾಲಿನಲ್ಲಿ ತಿಳಿಸಿದರೆ ಯಾರಿಗೂ ನಷ್ಟವಿಲ್ಲ.

ಆಲೆಟ್ಟಿ, ಸುಳ್ಯ, ಪುತ್ತೂರು, ಕಡಬದ ಸಂಘಟಕರಲ್ಲಿ ಬೇಡಿಕೆ ಎರಡು. ಹದಿನೆಂಟು ತುಂಬದ ಹುಡುಗರ ಹೆಸರನ್ನು ಹರಾಜಿಗೆ ಇಡಬೇಡಿ. ಚೀಟಿ ಎತ್ತಿ ತಂಡಗಳಿಗೆ ಹಂಚಿ. ಪಂದ್ಯಾಟ ಮುಗಿದ ಮೇಲೆ ಸ್ಕೋರ್ ಶೀಟನ್ನು ಶಾಮಿಯಾನದ ಜೊತೆ ಮಡಚಿ ಬಿಸಾಡಬೇಡಿ. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂದು ಟ್ರೋಫಿ ಕೊಡುವ ಮುನ್ನ ಬರೆದ ಆ ಹಾಳೆಗಳಲ್ಲಿ ಒಬ್ಬ ಹುಡುಗ ಎಷ್ಟು ರೈಡ್ ಹೋದ, ಎಷ್ಟರಲ್ಲಿ ಸಿಕ್ಕಿಬಿದ್ದ, ಎಷ್ಟು ಹಿಡಿದ ಎಂಬ ಲೆಕ್ಕ ಇರುತ್ತದೆ. ಅದರ ಒಂದು ಪ್ರತಿಯನ್ನು ಆ ಹುಡುಗನ ಕೈಗೆ ಕೊಡಿ. ಮೂರು ವರ್ಷದ ಅಂಥ ಹಾಳೆಗಳನ್ನು ಹಿಡಿದು ಅವನು ಮೂಡುಬಿದಿರೆಯ ಕಾಲೇಜಿಗೋ ಜಿಲ್ಲಾ ತಂಡದ ಆಯ್ಕೆಗೋ ಹೋಗಲಿ. ಆಯ್ಕೆ ಮಾಡುವವರು ಟಿವಿಯ ಮಾತಿಗಿಂತ ಆ ಹಾಳೆಗಳನ್ನು ಮೊದಲು ಓದಲಿ.